ಅವ್ವನನ್ನು ನೋಡಿಕೊಂಡವರು ಇವರು

ಅವ್ವ ಲಿಂಗೈಕ್ಯಳಾಗಿ ತಿಂಗಳಾಯಿತು. ಶಿವಗಣಾರಾಧನೆಗೆ ಬಂದವರಲ್ಲಿ ಎಷ್ಟೋ ಜನ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು: "ನಿನ್ನಂಥಾ ಮಗ ಎಲ್ಲಾರಿಗೂ ಸಿಗೂದಿಲ್ಲಪಾ. ಶ್ರವಣಕುಮಾರ ನೋಡು ನೀ." ಪಕ್ಕದಲ್ಲೇ ಊಟದ ಎಲೆ ತೆಗೆಯುತ್ತಿದ್ದ ನನ್ನ ಹೆಂಡತಿಗೆ ಯಾರೂ ಏನೂ ಹೇಳಲಿಲ್ಲ. ಹೊಗಳಿಕೆ ತಪ್ಪು ವಿಳಾಸಕ್ಕೆ ಬಂದಿದೆ. ಸರಿಯಾದ ಮನೆಗಳಿಗೆ ಮುಟ್ಟಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನಮ್ಮವ್ವ ಧಾರವಾಡದ ಸಪ್ತಾಪುರದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮೊದಲು ಕಾಲೇಜು ಹುಡುಗರು, ಆಮೇಲಾಮೇಲೆ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಕೋಚಿಂಗ್ ಅಂತ ಬಂದ ಹುಡುಗರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಯಾರು ಎಷ್ಟು ಹೊತ್ತು ಊಟ ಬಿಟ್ಟರು, ಯಾರ ಬಾಕಿ ಎಷ್ಟು, ಎಲ್ಲವೂ ತಲೆಯಲ್ಲೇ. ಅದು ತಪ್ಪತೊಡಗಿದ್ದೇ ಮರೆವಿನ ಕಾಯಿಲೆಯ ಮೊದಲ ಸುಳಿವು. ಹಾವೇರಿ ಕಡೆಯ ಒಬ್ಬ ಹುಡುಗನ ಹತ್ತಿರ ಒಂದೇ ತಿಂಗಳ ರೊಕ್ಕ ಎರಡು ಸಲ ಕೇಳಿದಳು. ಅವನು ಎರಡು ಸಲವೂ ಕೊಟ್ಟ. ಸಂಜೆ ನನ್ನನ್ನು ಹುಡುಕಿಕೊಂಡು ಬಂದು, "ಅಣ್ಣಾರ, ಅವ್ವಗ ಏನೂ ಅನಬ್ಯಾಡ್ರಿ. ಆದ್ರ ಒಮ್ಮೆ ಡಾಕ್ಟರಿಗೆ ತೋರಸ್ರಿ" ಅಂದ. ಮೊದಲ ಧನ್ಯವಾದ ಅವನಿಗೆ. ಈಗ ಯಾವ ಸ್ಟೇಷನ್ನಿನಲ್ಲಿ ಸಾಹೇಬನಾಗಿದ್ದಾನೋ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಊರಿನ ಹಳಬರ ಬಾಯಲ್ಲಿ ಅದು ಇನ್ನೂ ಹುಚ್ಚರ ದವಾಖಾನೆಯೇ. "ವಯಸ್ಸಾತು, ಅರಳು ಮರಳು, ಅದಕ್ಕ್ಯಾಕ ಡಾಕ್ಟರು?" ಅಂದರು. ಆದರೂ ಹೋದೆವು. ಅಲ್ಲಿ ಸಿಕ್ಕ ಡಾಕ್ಟರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

ಅವ್ವನಿಗೆ ಓದು ಬರಹ ಇಲ್ಲ ಎಂದ ಕೂಡಲೇ ಅವರು ಗಡಿಯಾರ ಬರೆಸುವ, ವಾಕ್ಯ ಬರೆಸುವ ಹಾಳೆಯನ್ನು ಬದಿಗಿಟ್ಟರು. ವಾರಗಳ ಹೆಸರನ್ನು ಹಿಂದಿನಿಂದ ಹೇಳಿಸಿದರು. ಸೋಮವಾರ ಖಾನಾವಳಿಯಲ್ಲಿ ಏನು ಪಲ್ಯ ಅಂತ ಕೇಳಿದರು. ನೂರರಲ್ಲಿ ಏಳೇಳು ಕಳೆಯುತ್ತಾ ಬರ್ರಿ ಅಂದರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಅವ್ವ ನನಗಿಂತ ಬೇಗ ಇಳಿದಳು. ನನಗೆ ಧೈರ್ಯ ಬಂತು. ಕೊನೆಗೆ, "ಇವತ್ತ ಮುಂಜಾನೆ ಏನು ತಿಂದ್ರಿ?" ಎಂದು ಕೇಳಿದರು. ಅವ್ವ ತಡವರಿಸಲೇ ಇಲ್ಲ. "ಖಾನಾವಳಿ ನಡಸಾಕಿ ಏನ್ ಉಂಡ್ಲು ಅಂತ ಇಷ್ಟು ವರ್ಷದಾಗ ನೀವ ಮೊದಲ ಕೇಳಿದ್ರಿ ನೋಡ್ರಿ" ಅಂದಳು. ಎಲ್ಲರೂ ನಕ್ಕೆವು. ಡಾಕ್ಟರೂ ನಕ್ಕರು, ನಗುತ್ತಲೇ ಏನೋ ಬರೆದುಕೊಂಡರು. ತಿಂದದ್ದು ನೆನಪಿಲ್ಲ, ಆದರೆ ನೆನಪಿಲ್ಲದ್ದನ್ನು ಮುಚ್ಚುವ ಜಾಣತನ ಪೂರ್ತಿ ಇದೆ, ಎಷ್ಟೋ ಮನೆಗಳಲ್ಲಿ ಕಾಯಿಲೆ ತಡವಾಗಿ ಗೊತ್ತಾಗುವುದು ಇದರಿಂದಲೇ ಎಂದು ಆಮೇಲೆ ನನ್ನೊಬ್ಬನನ್ನೇ ಕರೆದು ಹೇಳಿದರು.

ರಕ್ತ ಪರೀಕ್ಷೆಗೆ ಬರೆದರು, ತಲೆಯ ಸ್ಕ್ಯಾನ್ ಮಾಡಿಸಿದರು. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ತೀರಾ ಕುಗ್ಗಿದರೂ ಮರೆವು ಬರುತ್ತದಂತೆ. ಅವು ಚಿಕಿತ್ಸೆಗೆ ಬಗ್ಗುವಂಥವು, ಅದಕ್ಕೇ ಮೊದಲು ಅವನ್ನು ನೋಡಬೇಕು ಅಂದರು. ಅವ್ವನದು ಅದಾವುದೂ ಆಗಿರಲಿಲ್ಲ. ಆಲ್ಝೈಮರ್. ಡೊನೆಪೆಜಿಲ್ ಮಾತ್ರೆ ಕೊಟ್ಟರು. ಇದು ಹೋದ ನೆನಪನ್ನು ತರುವುದಿಲ್ಲ, ಸ್ವಲ್ಪ ಕಾಲ ನೆರವಾಗಬಹುದು, ಮೊದಮೊದಲು ಹೊಟ್ಟೆ ಕೆಡಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ನಮ್ಮ ಮನೆಗೇ ಯಾಕೆ ಬಂತು ಅಂತ ನಾನು ಕೇಳಿದ್ದಕ್ಕೆ, "ನಿಮ್ಮ ಮನಿಗೆ ಅಷ್ಟ ಅಲ್ರಿ" ಅಂದರು. ಅವರ ಮಾತು ಎಷ್ಟು ನಿಜ ಅಂತ ಆಮೇಲೆ ಗೊತ್ತಾಯಿತು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡ 7.4ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ; ಆಲ್ಝೈಮರ್ ಅದರಲ್ಲೇ ಒಂದು ಬಗೆ. ಅಂದರೆ ಸುಮಾರು 88 ಲಕ್ಷ ಜನ. ಹೆಂಗಸರಲ್ಲಿ, ಶಾಲೆ ಕಾಣದವರಲ್ಲಿ ಇನ್ನೂ ಜಾಸ್ತಿ. ನಮ್ಮ ಓಣಿಯಲ್ಲೇ ಇನ್ನೂ ಇಬ್ಬರಿದ್ದರು. ಅವರ ಮನೆಯವರು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಇನ್ನು ನನ್ನ ಹೆಂಡತಿ. ಅವ್ವನ ಬೋರಮಾಳ ಸರ ಕಾಣೆಯಾದಾಗಲೆಲ್ಲ ಕಳ್ಳಿ ಇವಳೇ. ಸರ ಜೋಳದ ಡಬ್ಬಿಯಲ್ಲಿ ಸಿಗುತ್ತಿತ್ತು, ತಲೆದಿಂಬಿನೊಳಗೆ ಸಿಗುತ್ತಿತ್ತು, ಒಮ್ಮೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಸಿಕ್ಕಿತು. ಅಡಗಿಸಿಡುತ್ತಿದ್ದದ್ದು ಅವ್ವನೇ. ಇಟ್ಟದ್ದೇ ಮರೆತುಹೋದರೆ ಯಾರೋ ಕದ್ದರು ಅಂತಲೇ ಅನಿಸುತ್ತದೆ, ಅಲ್ವಾ? ಒಂದು ದಿನ ಓಣಿಯಲ್ಲಿ ನಿಂತು, "ನನ್ನ ಸೊಸಿ ಬಂಗಾರ ಕದ್ದಾಳ್ರಿ" ಎಂದು ಕೂಗಿದಳು. ಇವಳು ವಾದಕ್ಕೆ ನಿಲ್ಲಲಿಲ್ಲ. "ಹೌದೇನ್ರಿ ಅತ್ತಿ? ಬರ್ರಿ, ಇಬ್ಬರೂ ಕೂಡೇ ಹುಡುಕೂಣು" ಎಂದು ಕೈ ಹಿಡಿದು ಒಳಗೆ ಕರೆತಂದಳು. ಹುಡುಕುತ್ತಾ ಹುಡುಕುತ್ತಾ ಅವ್ವ ಏನು ಕಳೆದಿದೆ ಎನ್ನುವುದನ್ನೇ ಮರೆತಳು. ಕಳ್ಳಿ ಅನಿಸಿಕೊಂಡವಳು ಅಷ್ಟು ಸುಲಭಕ್ಕೆ ಮರೆಯುವಂತಿರಲಿಲ್ಲ. ಮರುದಿನ ಮತ್ತೆ ಅವ್ವನ ತಲೆ ಬಾಚಿದಳು, ಸೀರೆ ಬದಲಿಸಿದಳು. ತನ್ನ ಬಗ್ಗೆ ಏನೂ ಬರೆಯಬೇಡಿ ಅಂದಿದ್ದಾಳೆ. ಈ ಒಂದು ಮಾತು ಕೇಳುವುದಿಲ್ಲ.

ನವಲೂರಿನ ಅಕ್ಕನನ್ನು ಎಲ್ಲಿಂದ ಶುರು ಮಾಡಲಿ! ಖಾನಾವಳಿ ಇದ್ದಾಗ ಅವ್ವನ ಎದುರಿಗೆ ಕೂತು ರೊಟ್ಟಿ ಬಡಿಯುತ್ತಿದ್ದವಳು. ಖಾನಾವಳಿ ಮುಚ್ಚಿದ ಮೇಲೆ ಅವ್ವನನ್ನು ನೋಡಿಕೊಳ್ಳಲು ಬಂದಳು. ಅವ್ವನಿಗೆ ನಸುಕಿನಲ್ಲೇ ಎಚ್ಚರ. "ಹುಡುಗೂರು ಬರೂ ಹೊತ್ತಾತು, ಇನ್ನೂ ಹಿಟ್ಟು ನಾದಿಲ್ಲ" ಎಂದು ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು. ನಾವು ಗ್ಯಾಸಿನ ರೆಗ್ಯುಲೇಟರ್ ತೆಗೆದಿಟ್ಟೆವು. ಅಡುಗೆಮನೆಗೆ ಚಿಲಕ ಹಾಕಿದೆವು. ಬಾಗಿಲು ಬಡಿದು ಬಡಿದು ಅಳುತ್ತಿದ್ದಳು. ಅಕ್ಕ ಬಂದವಳೇ ಚಿಲಕ ತೆಗೆಸಿದಳು. ಪರಾತಿನಲ್ಲಿ ಜೋಳದ ಹಿಟ್ಟು ಹಾಕಿ, ಬೆಚ್ಚಗಿನ ನೀರು ಇಟ್ಟು, "ಅವ್ವಾರ, ನೀವು ಬಡೀರಿ, ಬೇಯ್ಸೂದು ನನಗ ಬಿಡ್ರಿ" ಅಂದಳು.

ಆ ಹೊತ್ತಿಗೆ ಅವ್ವನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಕೈಗೆ ಮಾತ್ರ ಎಲ್ಲ ಗೊತ್ತಿತ್ತು. ಅಂಗೈಯ ಬುಡದಿಂದ ಒತ್ತಿ ನಾದುವುದು, ಉಂಡೆ ಮಾಡಿ ಒಣಹಿಟ್ಟಿನಲ್ಲಿ ಹೊರಳಿಸುವುದು, ಬಲಗೈಯಿಂದ ತಟ್ಟುತ್ತಾ ಎಡಗೈಯಿಂದ ತಿರುಗಿಸುವುದು. ಅಂಚು ಬಿರಿದರೆ ಬೆರಳಿಗೆ ನೀರು ಹಚ್ಚಿ ಬೆಸೆಯುತ್ತಿದ್ದಳು. ಅವಳ ರೊಟ್ಟಿ ಗುಂಡಗೆ, ಕಾಗದದಷ್ಟು ತೆಳ್ಳಗೆ. ಅಕ್ಕ ಅದನ್ನು ಒಳಗೆ ಒಯ್ದು, ಸುಮ್ನೆ ಮತ್ತೆ ಮುದ್ದೆ ಮಾಡಿ, ಇನ್ನೊಂದಿಷ್ಟು ಹಿಟ್ಟು ಬೆರೆಸಿ ತಂದಿಡುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಅವ್ವ ಅರವತ್ತು ಹುಡುಗರಿಗೆ ಆಗುವಷ್ಟು ಬಡಿದು ತೃಪ್ತಿಯಿಂದ ಮಲಗುತ್ತಿದ್ದಳು. ನಾವೂ ಮಲಗುತ್ತಿದ್ದೆವು. ನಿದ್ದೆಗೆಟ್ಟವರಿಗೇ ಗೊತ್ತು ಅದರ ಬೆಲೆ. ಅಕ್ಕನಿಗೆ ಸಂಬಳ ಕೊಟ್ಟಿದ್ದೇವೆ, ನಿಜ. "ರೊಕ್ಕ ತಗೊಂಡ ಮಾಡ್ಯಾಳಲ್ಲ" ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿದ್ದಿದೆ. ಅದೇ ಸಂಬಳಕ್ಕೆ ಅವರು ಒಂದು ವಾರ ಬಂದು ಮಾಡಿ ತೋರಿಸಲಿ.

ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವಂದಿರಿಗೆ ದೊಡ್ಡ ನಮಸ್ಕಾರ. ಅವ್ವ ಒಂದು ದಿನ ಕಣ್ಣು ತಪ್ಪಿಸಿ ಹೋದಳು. ನಾವು ಎಲ್ಲೆಲ್ಲೋ ಹುಡುಕುತ್ತಿದ್ದರೆ, ಅವಳು ಇವರ ಮುಂದೆ ಕೂತು ಎಣ್ಣೆಗಾಯಿಗೆ ಬದನೆಕಾಯಿ ಆರಿಸುತ್ತಿದ್ದಳು, ಹುಳುಕು ಬಂದದ್ದನ್ನು ಬೈದು ಪಕ್ಕಕ್ಕೆ ಎಸೆಯುತ್ತಿದ್ದಳು. ಕೈಯಲ್ಲಿ ಒಂದು ರೂಪಾಯಿ ಇಲ್ಲ. ಅವರು ರೇಟು ಹೇಳಿದರು, ಇವಳು ಚೌಕಾಸಿ ಮಾಡಿದಳು, ಅವರು ತೂಗಿದರು. ಒಬ್ಬಾಕೆ ಅವ್ವನಿಗೆ ಚಹಾ ತರಿಸಿ ಕೂರಿಸಿಕೊಂಡು ನನಗೆ ಫೋನ್ ಮಾಡಿದಳು. ಐದು ಕಿಲೋ ಬದನೆಕಾಯಿಯ ದುಡ್ಡು ಕೊಡಲು ಹೋದರೆ, ಚೀಲವನ್ನೇ ವಾಪಸ್ ತೆಗೆದುಕೊಂಡು, "ನಾಳೆ ಮತ್ತ ಬರ್ತಾರ, ಆಗ ಮಾರತೀನಿ" ಅಂದಳು.

ಆಕೆಗೆ ನಂಬರ್ ಸಿಕ್ಕಿದ್ದು ಅವ್ವನ ಕೊರಳಿನಿಂದ. ಬಳೆ, ಕೈಪಟ್ಟಿ ಏನು ಹಾಕಿದರೂ ಅವ್ವ ಕಿತ್ತು ಒಗೆಯುತ್ತಿದ್ದಳು, ಶಿವದಾರವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದಕ್ಕೇ ಹೆಸರು, ಫೋನ್ ನಂಬರ್ ಕೆತ್ತಿಸಿದ ಸಣ್ಣ ಬಿಲ್ಲೆ ಕಟ್ಟಬಹುದೇ ಅಂತ ಅಳುಕುತ್ತಲೇ ಮಠದ ಅಯ್ಯನವರನ್ನು ಕೇಳಿದೆ. "ಲಿಂಗದ ಜೋಡಿ ಇರಲಿ ಬಿಡ್ರಿ, ಎರಡೂ ಆಕಿನ್ನ ಕಾಯಾವ" ಅಂದರು. ಅಯ್ಯನವರಿಗೂ ಶರಣು.

ಮನೆಗೆ ಬಂದವರಲ್ಲಿ ಎರಡು ಥರ. ಬಾಗಿಲಲ್ಲೇ ನಿಂತು "ನಾ ಯಾರು ಹೇಳು ನೋಡೂಣು? ಗುರ್ತ ಹತ್ತಲಿಲ್ಲೇನು?" ಎಂದು ಪರೀಕ್ಷೆ ಮಾಡುವವರು ಒಂದು. ಅವ್ವ ಪೆಚ್ಚಾಗಿ ನಮ್ಮ ಮುಖ ನೋಡುತ್ತಿದ್ದಳು. ಅವರ ಪ್ರೀತಿ ದೊಡ್ಡದು, ಆದರೆ ಅವರಿಗೆ ಇಲ್ಲಿ ಧನ್ಯವಾದ ಇಲ್ಲ. ಬೈಲಹೊಂಗಲದ ಚಿಗವ್ವನಿಗೆ ಇದೆ. ಪ್ರತಿ ಸಲವೂ ಬರುವಾಗಲೇ, "ಯಕ್ಕಾ, ನಾ ನಿನ್ನ ತಂಗಿ ಬಂದೀನಿ, ಬೈಲಹೊಂಗಲದಾಕಿ, ಕರಗಡಬು ತಂದೀನಿ" ಎಂದು ತಾನೇ ಎಲ್ಲ ಹೇಳಿಬಿಡುತ್ತಿದ್ದಳು. ಅವ್ವ ಗುರುತು ಸಿಕ್ಕವಳಂತೆ ಖುಷಿಯಾಗುತ್ತಿದ್ದಳು. ಖಾನಾವಳಿಯ ಹಳೆ ಹುಡುಗರೂ ಹಾಗೆಯೇ. ಒಬ್ಬನಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ವಿಜಯಪುರದಲ್ಲಿ ಲೆಕ್ಚರರ್. ಬಂದಾಗಲೆಲ್ಲ ಅವ್ವ "ಈ ತಿಂಗಳದ ರೊಕ್ಕ?" ಎನ್ನುವುದು, ಅವನು ಜೇಬಿನಿಂದ ನೂರರ ನೋಟು ತೆಗೆದು ಎರಡೂ ಕೈಯಿಂದ ಕೊಡುವುದು. ನಾನು ಸಂಕೋಚ ಪಟ್ಟರೆ, "ಇರಲಿ ಬಿಡ್ರಿ, ಖರೇ ಹೇಳಬೇಕಂದ್ರ ನಂದು ಎರಡು ತಿಂಗಳದ್ದು ಆವಾಗಿಂದ ಬಾಕಿನ ಐತಿ" ಅಂದ!

ಪುಣೆಯ ಅಕ್ಕನಿಗೆ ಬೇರೆಯೇ ಥ್ಯಾಂಕ್ಸ್. ಫೋನಿನಲ್ಲಿ ಸಲಹೆ ಕೊಡುವವರಿಗೆ ಬರವಿರಲಿಲ್ಲ. ಬಾದಾಮಿ, ಬ್ರಾಹ್ಮಿ ಎಣ್ಣೆ, ಯಾವುದೋ ಊರಿನ ಬೇರು. ಅಕ್ಕ ಮಾತ್ರ ಒಂದು ಸಲಹೆಯನ್ನೂ ಕೊಡಲಿಲ್ಲ. ಅವ್ವನನ್ನು ಪುಣೆಗೆ ಕರೆದೊಯ್ದರೆ ಹೊಸ ಜಾಗದಲ್ಲಿ ಇನ್ನೂ ಗಾಬರಿಯಾಗುತ್ತಾಳೆ ಎಂದು ತಿಳಿದು, ಪ್ರತಿ ಬೇಸಿಗೆಗೆ ತಾನೇ ಬಂದಳು. ಬಂದ ದಿನವೇ ನಮ್ಮಿಬ್ಬರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು. ಎಲ್ಲಿಗಾದರೂ ಹೋಗಿ, ಫೋನ್ ಮಾಡಬೇಡಿ ಅನ್ನುತ್ತಿದ್ದಳು. ಗೋಕರ್ಣದಲ್ಲಿ ನನ್ನ ಹೆಂಡತಿ ಮಧ್ಯಾಹ್ನ ಮಲಗಿದವಳು ಮರುದಿನ ಬೆಳಗ್ಗೆ ಎದ್ದಳು.

ಒಂದು ಸಂಗತಿಯನ್ನು, ಮನೆಯಲ್ಲಿ ಇಂಥ ಹಿರಿಯರಿರುವ ಎಲ್ಲರೂ ಓದಲಿ ಅಂತ ಬರೆಯುತ್ತೇನೆ. ಒಮ್ಮೆ ಎರಡೇ ದಿನದಲ್ಲಿ ಅವ್ವ ಪೂರ್ತಿ ಬದಲಾದಳು. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ತೋರಿಸಿ ಚೀರಿದಳು, ನೀರು ಕೂಡ ಒಲ್ಲೆ ಎಂದಳು. ಕಾಯಿಲೆ ಜೋರಾಯಿತು ಅಂತ ಎಲ್ಲರೂ ಅಂದುಕೊಂಡೆವು. ಡಿಮ್ಹಾನ್ಸ್ ಡಾಕ್ಟರಿಗೆ ಫೋನ್ ಮಾಡಿದರೆ, "ಆಲ್ಝೈಮರ್ ಹೀಂಗ ರಾತ್ರೋರಾತ್ರಿ ಏರೂದಿಲ್ಲ. ಮೊದಲು ಮೂತ್ರ ಪರೀಕ್ಷೆ ಮಾಡಸ್ರಿ" ಅಂದರು. ಅವರು ಹೇಳಿದ್ದೇ ಸರಿ, ಮೂತ್ರದ ಸೋಂಕು. ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಸಲೈನ್ ಕಿತ್ತುಕೊಳ್ಳುತ್ತಾಳೆ ಅಂತ ಅಲ್ಲಿ ಅವ್ವನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ರಾತ್ರಿ ಪಾಳಿಗೆ ಬಂದ ಕೇರಳದ ನರ್ಸ್ ಮೊದಲು ಆ ಗಂಟು ಬಿಚ್ಚಿದರು. ಒಗೆದ ಟವೆಲ್‌ಗಳ ರಾಶಿ ತಂದು ಮಡಿಲಲ್ಲಿಟ್ಟು, "ಅಮ್ಮಾ, ಮಡಚಿ ಕೊಡಿ, ನನಗೆ ತುಂಬ ಕೆಲಸ" ಅಂದರು. ಅವ್ವ ಮಡಚಿದಳು. ನರ್ಸ್ ಅವನ್ನು ಒಯ್ದು ಬಿಡಿಸಿ, ಮತ್ತೆ ತಂದರು. ಸಲೈನ್ ಬಾಟಲಿ ಖಾಲಿಯಾಗುವವರೆಗೆ ಹೀಗೇ ನಡೆಯಿತು. ಸಿಸ್ಟರ್, ನಿಮ್ಮ ಹೆಸರನ್ನು ನನ್ನ ಹೆಂಡತಿ ದಿನವೂ ಪೂಜೆಯ ಹೊತ್ತಿನಲ್ಲಿ ನೆನೆಯುತ್ತಾಳೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅಂದರೆ 14416ರಲ್ಲಿ ಒಂದು ರಾತ್ರಿ ನನ್ನ ಮಾತನ್ನು ಕನ್ನಡದಲ್ಲೇ ಕೇಳಿಸಿಕೊಂಡವರಿಗೂ ಧನ್ಯವಾದ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಅವತ್ತು ಕರೆ ಅವ್ವನಿಗಾಗಿ ಮಾಡಿದ್ದಲ್ಲ, ನನಗಾಗಿ.

ಕಡೆಯ ತಿಂಗಳುಗಳಲ್ಲಿ ಅವ್ವನಿಗೆ ನುಂಗುವುದೇ ಕಷ್ಟವಾಯಿತು. ಮೂಗಿನಿಂದ ನಳಿಗೆ ಹಾಕಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಆಗ ಡಾಕ್ಟರು ನಮ್ಮೆಲ್ಲರನ್ನೂ ಒಟ್ಟಿಗೆ ಕೂರಿಸಿದರು. ಈ ಹಂತದಲ್ಲಿ ನಳಿಗೆಯಿಂದ ಆಯುಷ್ಯ ಹೆಚ್ಚುತ್ತದೆ ಅಂತ ಏನಿಲ್ಲ, ಆಹಾರ ಉಸಿರುಗೊಳವೆಗೆ ಹೋಗಿ ನ್ಯುಮೋನಿಯಾ ಆಗುವುದೂ ತಪ್ಪುವುದಿಲ್ಲ, ಕೈಯಿಂದಲೇ ಸಾವಕಾಶ ಉಣಿಸಿ ಅಂದರು. ನಮ್ಮ ಮೇಲೆ ಹೊರೆಸಲಿಲ್ಲ, ಅವಸರಿಸಲೂ ಇಲ್ಲ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಸಣ್ಣ ಚಮಚದಲ್ಲಿ ನುಚ್ಚು ಮಜ್ಜಿಗೆ. ಒಂದು ಬಟ್ಟಲಿಗೆ ಒಂದು ತಾಸು. ಆ ತಾಸುಗಳನ್ನು ಹೆಂಡತಿ, ನವಲೂರಿನ ಅಕ್ಕ, ನಾನು, ರಜೆಗೆ ಬಂದಾಗ ನನ್ನ ಮಗಳು ಹಂಚಿಕೊಂಡೆವು. ನಳಿಗೆ ಹಾಕಿಸಲಿಲ್ಲ. ಅದರ ಬಗ್ಗೆ ಈಗಲೂ ಕೇಳುವವರಿದ್ದಾರೆ. ಕೇಳಲಿ.

ಇನ್ನು ಒಂದು ಕೆಲಸದ ಮಾತು. ಮನೆಯಲ್ಲಿ ವೀಲ್‌ಚೇರ್, ಕಮೋಡ್ ಕುರ್ಚಿ, ವಾಟರ್ ಬೆಡ್, ಒಡೆಯದ ಡೈಪರ್ ಪ್ಯಾಕೆಟ್ಟುಗಳು ಇವೆ. ಬೇಕಾದವರು ಒಯ್ಯಿರಿ, ದುಡ್ಡೆಷ್ಟು ಅಂತ ಕೇಳಬೇಡಿ, ಕೊಡಲೂಬೇಡಿ. ಬ್ರಾಹ್ಮಿ ಎಣ್ಣೆಯ ಬಾಟಲಿಗಳೂ ಸಾಕಷ್ಟಿವೆ. ಭಾನುವಾರ ಮುಂಜಾನೆ ನಾನು ಖಾಲಿ ಇರುತ್ತೇನೆ. ನಿಮ್ಮ ಮನೆಯ ಹಿರಿಯರ ಹತ್ತಿರ ಎರಡು ತಾಸು ಕೂರಲು ಜನ ಬೇಕಿದ್ದರೆ ಹೇಳಿ, ಬರುತ್ತೇನೆ, ನೀವು ಹೊರಗೆ ಹೋಗಿಬನ್ನಿ. ವಾಟರ್ ಬೆಡ್ಡಿಗೆ ಒಂದು ಮೂಲೆಯಲ್ಲಿ ತೇಪೆ ಹಾಕಿದೆ, ಆದರೆ ಸೋರುವುದಿಲ್ಲ.