ಕೊನೇ ಸ್ಥಾನದ ಟೀಮ್ ಬಗ್ಗೆ ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ಫೋನಲ್ಲಿ ನೀನು "ಅಮ್ಮಾ ಇನ್ಮೇಲೆ ನಾನು ಹಾಕಿ ನೋಡಲ್ಲ, ಸುಮ್ನೆ ಬೇಜಾರ್ ಮಾಡ್ಕೊಳ್ಳೋಕೆ ಯಾಕೆ ನೋಡ್ಬೇಕು" ಅಂದಾಗ ನಾನು ಏನೂ ಹೇಳ್ಲಿಲ್ಲ. ಹೇಳೋಕೆ ತುಂಬಾ ಇತ್ತು, ಆದ್ರೆ ಫೋನಲ್ಲಿ ಅಷ್ಟೆಲ್ಲ ಮಾತಾಡಿದ್ರೆ ನೀನು ಹೂಂ ಹೂಂ ಅಂತೀಯ ಅಷ್ಟೆ. ಅದಕ್ಕೇ ಬರೀತಿದೀನಿ, ಕ್ಲಾಸು ಮುಗಿಸ್ಕೊಂಡು ಟೈಮ್ ಸಿಕ್ಕಾಗ ನಿಧಾನಕ್ಕೆ ಓದು.

2025ರಲ್ಲಿ, ದೊಡ್ಡ ದೊಡ್ಡ ಟೀಮುಗಳು ಆಡೋ ಪ್ರೊ ಲೀಗಲ್ಲಿ ನಮ್ಮ ಹುಡುಗೀರು ಕೊನೇ ಸ್ಥಾನಕ್ಕೆ ಬಂದು ಅದಕ್ಕಿಂತ ಒಂದು ಮೆಟ್ಲು ಕೆಳಗಿನ ನೇಷನ್ಸ್ ಕಪ್‌ಗೆ ಇಳಿದಿದ್ದು ನಂಗೂ ನೋವಾಗಿದೆ ಕಣೇ. 2022ರಲ್ಲಿ ವೆಲೆನ್ಸಿಯಾದಲ್ಲಿ ಸ್ಪೇನ್‌ನ 1-0ರಲ್ಲಿ ಸೋಲಿಸಿ ಅದೇ ನೇಷನ್ಸ್ ಕಪ್ ಗೆದ್ದು ಮೇಲೆ ಬಂದಿದ್ವಿ, ಮೂರೇ ವರ್ಷಕ್ಕೆ ಮತ್ತೆ ಅದೇ ಮೆಟ್ಲಿಗೆ ಇಳಿದ್ವಿ. ಹಂಗೆ ಇಳಿಯೋಕೂ ಮುಂಚೆ 2024ರ ಜನವರಿ, ರಾಂಚಿ, ಪ್ಯಾರಿಸ್ ಒಲಿಂಪಿಕ್ಸ್ ಅರ್ಹತಾ ಟೂರ್ನಿ. ಜರ್ಮನಿ ಜೊತೆ ಸೆಮಿಫೈನಲ್ 2-2 ಆಗಿ ಶೂಟೌಟಲ್ಲಿ ಹೋಯ್ತು, ಆಮೇಲೆ ಪ್ಯಾರಿಸ್ ಟಿಕೆಟ್‌ಗೆ ಉಳಿದಿದ್ದು ಜಪಾನ್ ಪಂದ್ಯ ಒಂದೇ. ಆರನೇ ನಿಮಿಷದಲ್ಲಿ ಜಪಾನ್ ಹೊಡೆದ ಒಂದು ಗೋಲು, ಆಮೇಲೆ ಪೂರ್ತಿ ಪಂದ್ಯ ನಾವು ಅವರ ಗೋಲ್ ಮುಂದಿನ ಸರ್ಕಲ್ ಸುತ್ತಾನೇ ಇದ್ವಿ, ಗೋಲ್ ಹೊಡೆಯೋಕೆ ಒಳ್ಳೇ ಅವಕಾಶ ಆದ ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್ ಸಿಕ್ತು, ಒಂದೂ ಒಳಗೆ ಹೋಗ್ಲಿಲ್ಲ. ಆವತ್ತು ರಾತ್ರಿ ನೀನು ಊಟ ಮಾಡ್ದೆ ಮಲಗಿದ್ದು ನಂಗೆ ನೆನಪಿದೆ. ಹಂಗಾಗಿ ನೀನು ನೋಡಲ್ಲ ಅಂದಿದ್ದು ಸೋಂಬೇರಿತನಕ್ಕಲ್ಲ, ನೋವು ತಡ್ಕೊಳ್ಳೋಕಾಗ್ದೆ ಅಂತ ನಂಗೆ ಗೊತ್ತು, ಅದಕ್ಕೇ ಈ ಪತ್ರ. ಏನೂ ಅನ್ಸದೇ ಇರೋರಿಗೆ ನಾನು ಇಷ್ಟುದ್ದ ಬರೀತಿರ್ಲಿಲ್ಲ.

ನಂಗೆ ಈ ಹಾಕಿ ಹುಚ್ಚು ಹತ್ತಿಸಿದ್ದು ನಿಮ್ಮಜ್ಜ. 1980ರಲ್ಲಿ ಮಾಸ್ಕೋದಲ್ಲಿ ಸ್ಪೇನ್‌ನ 4-3ರಲ್ಲಿ ಸೋಲಿಸಿ ಚಿನ್ನ ತಂದಾಗ ನಂಗೆ ಎಂಟು ವರ್ಷ. ಮೊಹಮ್ಮದ್ ಶಾಹಿದ್ ಅನ್ನೋ ಹೆಸರು ಅಜ್ಜನ ಬಾಯಲ್ಲಿ ಮನೆಯವರ ಹೆಸರಿನ ಥರ ಬರ್ತಿತ್ತು, ಕೊಡಗಿನ ಸೋಮಯ್ಯ ಟೀಮಲ್ಲಿದ್ರಲ್ಲ, ಅವರ ಮಾತು ಬಂದ್ರಂತೂ ಅಜ್ಜನ ದನಿನೇ ಬೇರೆ ಆಗ್ತಿತ್ತು. ಆ ವಯಸ್ಸಲ್ಲಿ ನಂಗೆ ಹಾಕಿ ಅಂದ್ರೆ ನಾವು ಗೆಲ್ಲೋ ಆಟ, ಅಷ್ಟೇ ಗೊತ್ತಿದ್ದಿದ್ದು. ಮುಂದಿನ ಒಲಿಂಪಿಕ್ ಪದಕ ನೋಡೋ ಹೊತ್ತಿಗೆ ನಂಗೆ ನಲವತ್ತೊಂಬತ್ತಾಗಿತ್ತು ಪುಟ್ಟಿ. ನಡುವೆ ಓದು, ಕೆಲಸ, ಮದುವೆ, ನೀನು ಹುಟ್ಟಿದ್ದು ಎಲ್ಲಾ ಆಗಿಹೋಯ್ತು.

ಅಜ್ಜ ಅದನ್ನ ನೋಡೋಕೆ ಇರ್ಲಿಲ್ಲ. ಅವರು ಕಂಡ ಕೊನೇ ದೊಡ್ಡ ಸೋಲು 2008ರ ಮಾರ್ಚ್‌ದು. ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬ್ರಿಟನ್ ಮುಂದೆ 2-0 ಸೋತು ನಮ್ಮ ಗಂಡಸರ ಟೀಮ್ ಬೀಜಿಂಗ್ ಒಲಿಂಪಿಕ್ಸ್‌ಗೇ ಹೋಗ್ಲಿಲ್ಲ, 1928ರಿಂದ ಆಚೆಗೆ ಹಂಗೆ ಆಗಿದ್ದು ಅದೇ ಮೊದಲು. ಅಜ್ಜ ಪೇಪರ್ ಓದಿ ಮಡಚಿಟ್ರು, ಯಾರನ್ನೂ ಬೈಲಿಲ್ಲ. ಮುಂದಿನ ಸಲ ಎಲ್ಲಾದ್ರೂ ಹಾಕಿ ಇದ್ರೆ ಟಿವಿ ಹಾಕು ಅಂದ್ರು. ಹಂಗೇ ಸಣ್ಣಪುಟ್ಟ ಟೂರ್ನಮೆಂಟೆಲ್ಲ ನೋಡ್ಕೊಂಡೇ ಇದ್ರು, ಮುಂದಿನ ವರ್ಷ ಹೋಗಿಬಿಟ್ರು.

ಈಗ ನಿಂಗೆ ಇಲ್ಲೀವರೆಗೂ ಹೇಳದೇ ಇರೋದು ಒಂದು ಹೇಳ್ತೀನಿ. ನಾನೂ ಬಿಟ್ಟಿದ್ದೆ. 2012, ಲಂಡನ್ ಒಲಿಂಪಿಕ್ಸ್, ಗಂಡಸರ ಟೀಮ್. ನೆದರ್ಲೆಂಡ್ಸ್ ಜೊತೆ ಸೋತ್ವಿ, ನ್ಯೂಜಿಲೆಂಡ್ ಜೊತೆ ಸೋತ್ವಿ, ಜರ್ಮನಿ ಐದು ಗೋಲ್ ಹೊಡೀತು, ಅಲ್ಲಿಗೆ ನಾನು ಟಿವಿ ಆಫ್ ಮಾಡಿದೆ. ಆಮೇಲೆ ಕೊರಿಯಾ, ಬೆಲ್ಜಿಯಂ, ಕೊನೆಗೆ 11ನೇ ಸ್ಥಾನಕ್ಕೆ ಅಂತ ಆಡಿದ ದಕ್ಷಿಣ ಆಫ್ರಿಕಾ ಪಂದ್ಯಾನೂ ಸೋತು ಆರಕ್ಕೆ ಆರೂ ಸೋತು 12ನೇ ಸ್ಥಾನ, ಅಂದ್ರೆ ಕಟ್ಟಕಡೆ. ನಾನು ಅದನ್ನೆಲ್ಲ ನೋಡ್ಲಿಲ್ಲ, ಎರಡು ವರ್ಷ ಹಾಕಿ ಸುದ್ದಿ ಬಂದ್ರೆ ಪೇಪರ್ ತಿರುಗಿಸಿಬಿಡ್ತಿದ್ದೆ. ಆಮೇಲೆ ನಿಧಾನಕ್ಕೆ ವಾಪಸ್ ಬಂದೆ, ಆದ್ರೆ ಆ ಎರಡು ವರ್ಷ ನಂಗೆ ಈಗ್ಲೂ ಚುಚ್ಚುತ್ತೆ. ಯಾಕೆ ಗೊತ್ತಾ, ಆ ಕಟ್ಟಕಡೆಯ ಟೀಮಲ್ಲೇ ಗೋಲ್‌ಕೀಪರ್ ಶ್ರೀಜೇಶ್ ಇದ್ರು, ಮನ್‌ಪ್ರೀತ್ ಇದ್ರು, ಬೀರೇಂದ್ರ ಲಾಕ್ರಾ ಇದ್ರು. 2021ರ ಆಗಸ್ಟ್ 5ರ ಬೆಳಿಗ್ಗೆ ನೀನೂ ನಾನೂ ಹಾಸಿಗೆಯಿಂದ ಎದ್ದು ಹಂಗೇ ಬಂದು ಟಿವಿ ಮುಂದೆ ಕೂತಿದ್ವಲ್ಲ, ಟೋಕಿಯೋ ಒಲಿಂಪಿಕ್ಸ್ ಕಂಚಿನ ಪಂದ್ಯ, ಜರ್ಮನಿ ಜೊತೆ 5-4, ಕೊನೇ ಆರು ಸೆಕೆಂಡ್ ಇರೋವಾಗ ಪೆನಾಲ್ಟಿ ಕಾರ್ನರ್ ತಡೆದು ಆಮೇಲೆ ಗೋಲ್ ಪೋಸ್ಟ್ ಹತ್ತಿ ಕೂತ ಶ್ರೀಜೇಶ್, ಅವರೇ. ಕ್ಯಾಪ್ಟನ್ ಆಗಿದ್ದ ಮನ್‌ಪ್ರೀತ್, ಅವರೇ. ಲಂಡನ್ನಲ್ಲಿ ಸೋತು ತಲೆ ತಗ್ಗಿಸ್ಕೊಂಡು ಬಂದೋರು ಬಿಟ್ಟು ಹೋಗ್ಲಿಲ್ಲ, ಸೋಫಾ ಮೇಲೆ ಕೂತಿದ್ದ ನಾನು ಬಿಟ್ಟು ಹೋಗಿದ್ದೆ. ಲಂಡನ್ನಲ್ಲೂ ರಿಯೋದಲ್ಲೂ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್‌ಗೆ ಟೋಕಿಯೋ ಟೀಮಲ್ಲಿ ಜಾಗ ಸಿಗ್ಲಿಲ್ಲ, ಪದಕ ಬಂದ ದಿನ ನಂಗೆ ಖುಷಿ ಜೊತೆಗೇ ಅವರ ನೆನಪಾಗಿ ಸಂಕಟ ಆಯ್ತು.

ಆವತ್ತು ಫೋನ್ ಹೆಂಗೆ ಟಣ್ ಟಣ್ ಅಂತಿತ್ತು ನೆನಪಿದ್ಯಾ? ಒಂದು ಪಂದ್ಯ ನೋಡದೇ ಇರೋರೆಲ್ಲ ನಮ್ಮ ರಾಷ್ಟ್ರೀಯ ಕ್ರೀಡೆ ನಮ್ಮ ಹೆಮ್ಮೆ ಅಂತ ಮೆಸೇಜು. ಗೆದ್ದೆತ್ತಿನ ಬಾಲ ಹಿಡಿಯೋದು ಅಂತಾರಲ್ಲ ಹಂಗೆ. ನಾನು ಅವರ ಮೇಲೆ ಕೋಪ ಮಾಡ್ಕೊಳ್ಳಲ್ಲ, ಖುಷಿಯಲ್ಲಿ ಪಾಲು ಬೇಕು ಅನ್ನೋದು ತಪ್ಪಲ್ಲ, ಅದ್ರಲ್ಲಿ ನಾಲ್ಕು ಜನ ಉಳ್ಕೊಂಡ್ರೂ ಒಳ್ಳೇದೇ. ಆದ್ರೆ ಅವರು ನೋಡಿದ್ದು ಬರೀ ಕಂಚು. ಆ ಪೋಸ್ಟ್ ಮೇಲೆ ಕೂತ ಮನುಷ್ಯನ ಮುಖದಲ್ಲಿ ಒಂಬತ್ತು ವರ್ಷದ ಹಿಂದಿನ ಲಂಡನ್ ಇತ್ತಲ್ಲ, ಅದು ಅವರಿಗೆ ಕಾಣ್ಲಿಲ್ಲ.

ಹುಡುಗೀರ ಕಥೆ ಇನ್ನೂ ಗಟ್ಟಿ. 36 ವರ್ಷ ಆದ್ಮೇಲೆ 2016ರಲ್ಲಿ ರಿಯೋಗೆ ಹೋದ್ರು, ಜಪಾನ್ ಜೊತೆ ಒಂದು ಡ್ರಾ ಬಿಟ್ರೆ ಏನೂ ಇಲ್ಲ, 12ನೇ ಸ್ಥಾನ. ರಾಣಿ, ವಂದನಾ, ಸವಿತಾ ಎಲ್ಲಾ ಆ ಟೀಮಲ್ಲೇ ಇದ್ರು. ಟೋಕಿಯೋದಲ್ಲೂ ಮೊದಲ ಮೂರು ಪಂದ್ಯ ಸೋತಿದ್ರು, ನೆದರ್ಲೆಂಡ್ಸ್ 5-1 ಹೊಡೆದಾಗ ನಿಮ್ಮಪ್ಪ ಇನ್ನೇನ್ ಬಿಡು ಅಂತ ಎದ್ದು ಹೋದ್ರು. ಆಮೇಲೆ ಐರ್ಲೆಂಡ್ ಮೇಲೆ ಒಂದು ಗೋಲು, ದಕ್ಷಿಣ ಆಫ್ರಿಕಾ ಮೇಲೆ ವಂದನಾ ಹ್ಯಾಟ್ರಿಕ್, ಕ್ವಾರ್ಟರ್ ಫೈನಲಲ್ಲಿ ಆಸ್ಟ್ರೇಲಿಯಾನ ಗುರ್ಜಿತ್ ಅವರ ಒಂದೇ ಗೋಲಿಂದ ಮನೆಗೆ ಕಳಿಸಿದ್ದು, ಗೋಲ್‌ಕೀಪರ್ ಸವಿತಾ ಗೋಡೆ ಥರ ನಿಂತಿದ್ದು. ಕಂಚಿನ ಪಂದ್ಯ ಬ್ರಿಟನ್ ಜೊತೆ, 2-0 ಹಿಂದೆ ಇದ್ದೋರು ಹಾಫ್ ಟೈಮ್‌ಗೆ 3-2 ಮುಂದೆ, ಕೊನೆಗೆ 4-3 ಸೋಲು. ನೀನು ಅವತ್ತು ಅತ್ತಿದ್ದು ಪದಕ ಬರ್ಲಿಲ್ಲ ಅಂತ ಅಲ್ಲ, ಆ ಹುಡುಗೀರು ಮೈದಾನದಲ್ಲಿ ಕೂತು ಅಳ್ತಿದ್ರು ಅಂತ. ಆವತ್ತೇ ನಂಗೆ ಗೊತ್ತಾಯ್ತು ನೀನು ಬರೀ ಗೆಲುವು ನೋಡೋಕೆ ಕೂತೋಳಲ್ಲ ಅಂತ.

ಉಳ್ಕೋ ಅಂದ್ರೆ ಬಾಯಿ ಮುಚ್ಕೊಂಡು ಉಳ್ಕೋ ಅಂತ ನಾನು ಹೇಳ್ತಿಲ್ಲ. ಪೆನಾಲ್ಟಿ ಕಾರ್ನರಲ್ಲಿ ಹೊಡೆಯೋ ಡ್ರ್ಯಾಗ್ ಫ್ಲಿಕ್ ಸರಿಯಾಗಿ ಬರ್ತಿಲ್ಲ, ಸರ್ಕಲ್ ತನಕ ಚೆನ್ನಾಗಿ ಹೋಗ್ತಾರೆ, ಕೊನೇ ಪಾಸ್ ತಪ್ಪುತ್ತೆ, ಕೊನೇ ಕ್ವಾರ್ಟರಲ್ಲಿ ಸುಸ್ತಾಗಿ ಗೋಲ್ ಬಿಟ್ಕೊಡ್ತಾರೆ, ಇದನ್ನೆಲ್ಲ ಜೋರಾಗೇ ಹೇಳು, ಜಗಳ ಆಡು. ಇಷ್ಟು ವರ್ಷ ಹೆಂಗಸರಿಗೆ ಗಂಡಸರ ಥರ ದೊಡ್ಡ ಲೀಗ್ ಇರ್ಲಿಲ್ಲ, ಹಾಕಿ ಇಂಡಿಯಾ ಲೀಗಲ್ಲಿ ಅವರಿಗೆ ಜಾಗ ಸಿಕ್ಕಿದ್ದು 2025ರ ಜನವರಿಲಿ, ಅದೂ ನಾಲ್ಕೇ ಟೀಮು. ಯಾಕಿಷ್ಟು ತಡ ಅಂತ ಕೇಳು. ಹಂಗೆ ಕೇಳೋ ಹಕ್ಕು ಸೋತಾಗ್ಲೂ ಕೂತು ನೋಡಿದೋರಿಗೆ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೇ ಇರ್ಬೋದು.

ಆಮೇಲೆ ಇನ್ನೊಂದು. ಆರ್‌ಸಿಬಿಗೆ 2008ರಿಂದ 2025ರ ತನಕ ಕಾಯೋದು ಯಾರೂ ನಿಂಗೆ ಹೇಳಿಕೊಡ್ಲಿಲ್ಲ, ಬುದ್ಧಿ ಬಂದಾಗಿಂದ ಪ್ರತಿ ವರ್ಷ ಈ ಸಲ ಕಪ್ ನಮ್ದೇ ಅಂತ ಕೂತೋಳು ನೀನು. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ ಅಂತ ನಾನು ಸುಮಾರು ಯೋಚ್ನೆ ಮಾಡಿದೆ. ಅಲ್ಲಿ ಸೋತ್ರೆ ಜೊತೇಲಿ ಅಳೋಕೆ ಲಕ್ಷಾಂತರ ಜನ ಇದ್ರು, ಕ್ಲಾಸಲ್ಲಿ, ಬಸ್ಸಲ್ಲಿ, ಎಲ್ಲಾ ಕಡೆ. ಹಾಕೀಲಿ ಹುಡುಗೀರು ಸೋತ ಮರುದಿನ ನಿನ್ನ ಪಕ್ಕ ಕೂತೋಳಿಗೆ ಪಂದ್ಯ ಇತ್ತು ಅಂತಾನೂ ಗೊತ್ತಿರಲ್ಲ. ಸೋಲಿಗಿಂತ ಅದು ಜಾಸ್ತಿ ಸುಸ್ತು ಮಾಡುತ್ತೆ. ನಂಗೂ 2012ರಲ್ಲಿ ಹಂಗೇ ಆಗಿತ್ತು, ಜೊತೇಲಿ ಬೇಜಾರ್ ಮಾಡ್ಕೊಳ್ಳೋಕೆ ಅಜ್ಜ ಇರ್ಲಿಲ್ಲ.

ಅದಕ್ಕೆ ಒಂದು ಕೆಲಸ ಮಾಡೋಣ. ಹುಡುಗೀರ ಮುಂದಿನ ಪಂದ್ಯ ಯಾವತ್ತು ಅಂತ ನಾನು ನೋಡಿ ಹೇಳ್ತೀನಿ. ಹತ್ತು ನಿಮಿಷ ಮುಂಚೆ ಫೋನ್ ಮಾಡ್ತೀನಿ, ಸ್ಪೀಕರ್ ಹಾಕಿ ಪಕ್ಕದಲ್ಲಿಡು, ಮಾತಾಡ್ಲೇಬೇಕು ಅಂತೇನಿಲ್ಲ. ಪರೀಕ್ಷೆ ಇದ್ರೆ ಬೇಡ, ನಾನೊಬ್ಳೇ ನೋಡಿ ಸ್ಕೋರ್ ಕಳಿಸ್ತೀನಿ. ನಿಮ್ಮಪ್ಪನೂ ಕೂರ್ತೀನಿ ಅಂದಿದಾರೆ, ಮೂರನೇ ಗೋಲ್ ಬಿದ್ರೂ ಎದ್ದು ಹೋಗಲ್ವಂತೆ.

ನಿನ್ನ
ಅಮ್ಮ