ಸಂಗಾತಿಯ ಹೆಸರು ಕಾಗದದ ಮೇಲಿರಲಿ

ಗುಂಪಿನ ಎಲ್ಲ ಸದಸ್ಯರಿಗೆ, ವಿಶೇಷವಾಗಿ ಅರವತ್ತು ದಾಟಿದವರಿಗೆ ನಮಸ್ಕಾರ.

ಜಯನಗರದ ಭೇಟಿಯಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ: ನಾವು ಹೋದ ಮೇಲೆ ಸಂಗಾತಿಗೆ ಏನು ಉಳಿಯುತ್ತದೆ? 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿದ್ದರಿಂದ, ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯು ವರ್ಷಗಟ್ಟಲೆ ಮಾತೇ ಆಡಿಸದ ಬಂಧುಗಳ ಪಾಲಾಗುತ್ತದೆಯೇ ಹೊರತು, ಮಗ್ಗುಲಲ್ಲೇ ಕುಳಿತು ಔಷಧಿ ಕೊಟ್ಟವರಿಗೆ ಸೇರುವುದಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆಯೂ ಆದೀತು. ಆದರೆ ನಿಮ್ಮ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೋಂದಣಿ ಕಡ್ಡಾಯವಲ್ಲ. ಆದರೂ ತಕರಾರು ತೆಗೆಯುವ ಅಣ್ಣತಮ್ಮಂದಿರಿರುವವರು (ನಮ್ಮಲ್ಲಿ ಅಂಥವರೇ ಹೆಚ್ಚು) ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬರುವುದು ಲೇಸು.

ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಪರಸ್ಪರರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿಗೆ ಹಣ ಪಡೆಯುವ ಅಧಿಕಾರವಷ್ಟೇ ಇರುತ್ತದೆ, ಒಡೆತನವಲ್ಲ; ಆದ್ದರಿಂದ ಉಯಿಲು ತಪ್ಪಿದ್ದಲ್ಲ.

ಪ್ರಜ್ಞೆ ತಪ್ಪಿದಾಗ ಯಾವ ಚಿಕಿತ್ಸೆ ಬೇಕು, ಬೇಡ, ಯಾರು ನಿರ್ಧರಿಸಬೇಕು ಎಂಬ ಮುಂಗಡ ವೈದ್ಯಕೀಯ ನಿರ್ದೇಶನವನ್ನೂ ಇಬ್ಬರು ಸಾಕ್ಷಿಗಳೆದುರು ಬರೆದು, ನೋಟರಿಯಿಂದ ದೃಢೀಕರಿಸಿಟ್ಟುಕೊಳ್ಳಿ. ಒಂದು ಪ್ರತಿ ಸಂಗಾತಿಯ ಬಳಿಯೇ ಇರಲಿ.

ಉಯಿಲಿನ ಕರಡು ಸಿದ್ಧವಿರುವವರು ಮುಂದಿನ ಭೇಟಿಗೆ ತನ್ನಿ. ದಯವಿಟ್ಟು ಕರಡನ್ನು ಗುಂಪಿನಲ್ಲಿ ಹಂಚಿಕೊಳ್ಳಬೇಡಿ.