ಅರಫಾದಲ್ಲಿ ಬ್ಯಾರಿ ಮಾತಿನ ದುಆ

ಮಾನ್ಯರೇ,

ಹಜ್‌ಗೆ ಹೊರಡುವವರು ದುಆ (ಪ್ರಾರ್ಥನೆ) ಪುಸ್ತಕ ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದ್ದೆ. ಕಾಬಾಕ್ಕೆ ಸುತ್ತು ಬರುವ ತವಾಫ್‌ನಲ್ಲಿ ಏಳು ಸುತ್ತಿಗೂ ಒಂದೊಂದು ದುಆ ಓದಲು ಹೋಗಿ, ಪುಟ ತಿರುಗಿಸುವ ಗಡಿಬಿಡಿಯಲ್ಲಿ ಸುತ್ತಿನ ಲೆಕ್ಕವೇ ತಪ್ಪಿತು. ಸುತ್ತಿಗೊಂದು ದುಆ ಕಡ್ಡಾಯವೇನಲ್ಲ ಎಂದು ಆಮೇಲೆ ಗೊತ್ತಾಯಿತು!

ಹಜ್ ತಿಂಗಳಾದ ಜುಲ್‌ಹಜ್ 9ರಂದು ಮಕ್ಕಾ ಬಳಿಯ ಅರಫಾ ಬಯಲಿನಲ್ಲಿ ಝುಹರ್ (ಮಧ್ಯಾಹ್ನದ), ಅಸರ್ (ಸಂಜೆಯ) ನಮಾಜನ್ನು ಒಟ್ಟಿಗೆ ಮುಗಿಸಿದರೆ, ಸೂರ್ಯ ಮುಳುಗುವವರೆಗೆ ದುಆಗೇ ಸಮಯ. ಡೇರೆಯ ಸೆಕೆಗೆ ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಪುಸ್ತಕ ಮಡಚಿಟ್ಟೆ. ಮನೆಮಾತು ಬ್ಯಾರಿಯಲ್ಲೇ ಸುಮ್ನೆ ಹೇಳಿಕೊಂಡೆ: ತೀರಿಹೋದ ಉಮ್ಮ (ಅಮ್ಮ), ಮಾತು ಬಿಟ್ಟ ತಮ್ಮ, ಮಗಳ ಹೆರಿಗೆ. ಅಳು ತಡೆಯಲಾಗಲಿಲ್ಲ. ಅಲ್ಲಾಹನಿಗೆ ಬ್ಯಾರಿ ಅರ್ಥವಾಗದೇ ಇರುತ್ತಾ?

ಹಜ್ ತರಬೇತಿ ಶಿಬಿರಗಳಲ್ಲಿ ಮನೆಮಾತಿನಲ್ಲೂ ದುಆ ಮಾಡಬಹುದು ಎಂದು ಒಂದು ಮಾತು ಹೇಳಿಕೊಡಲಿ.

– ನಿವೃತ್ತ ಶಿಕ್ಷಕಿ, ಪುತ್ತೂರು